ಲಾರಿ ಹಿಂದೆ ನಿಂತವರು ಡ್ರೈವರ್‌ಗೆ ಕಾಣುವುದಿಲ್ಲ

ಕುಶಾಲನಗರದ ಹತ್ತಿರ ಒಂದು ಕಾಫಿ ಗೋದಾಮಿನಲ್ಲಿ ನಾನು ತೂಕದ ಚೀಟಿ ಬರೆಯುತ್ತೇನೆ. ಫೆಬ್ರವರಿ ಬಂತೆಂದರೆ ಒಣಗಿದ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಬರಲು ಶುರು. ಸಿದ್ದಾಪುರ, ಗೋಣಿಕೊಪ್ಪ, ಸುಂಟಿಕೊಪ್ಪ ಕಡೆಯ ಲಾರಿ, ಪಿಕಪ್, ಟ್ರ್ಯಾಕ್ಟರ್ ಎಲ್ಲ ಒಂದೇ ಅಂಗಳಕ್ಕೆ ನುಗ್ಗುತ್ತವೆ.

ಹೋದ ವರ್ಷ ಅಂಥದೇ ಒಂದು ದಿನ, ಕತ್ತಲಾಗುವ ಹೊತ್ತಿಗೆ, ನಮ್ಮ ಲೋಡಿಂಗ್ ಅಣ್ಣ ಒಬ್ಬರು ರಿವರ್ಸ್ ಬರುತ್ತಿದ್ದ ಲಾರಿಗೂ ಪ್ಲಾಟ್‌ಫಾರ್ಮ್‌ಗೂ ನಡುವೆ ಸಿಕ್ಕಿಕೊಂಡರು. ತೊಡೆ ಮೂಳೆ ಮುರಿಯಿತು. ಇಲ್ಲಿಂದ ಮೈಸೂರು ಸುಮಾರು 85 ಕಿಲೋಮೀಟರ್. ಆಂಬುಲೆನ್ಸ್‌ನಲ್ಲಿ ಜೊತೆಗೆ ಹೋದವನು ನಾನೇ. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, ನಾಳೆಯಿಂದ ಕೂಲಿ ಹೋಗುತ್ತಲ್ವಾ ಅಂತ.

ಮಾರನೇ ದಿನ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ‘ನೋಡಿಕೊಂಡು ನಿಲ್ಲಬಾರದಿತ್ತಾ?’ ನನಗೆ ತುಂಬ ಸಿಟ್ಟು ಬಂತು, ಈಗಲೂ ಬರುತ್ತದೆ. ಚೀಲ ತುಂಬಿದ ಲಾರಿಯ ಕನ್ನಡಿಯಲ್ಲಿ ಕಾಣುವುದು ಎರಡು ಪಕ್ಕ ಮಾತ್ರ, ನೇರ ಹಿಂದೆ ಏನಿದೆ ಅಂತ ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ. ಅವತ್ತು ಮೂವರು ಒಟ್ಟಿಗೆ ‘ಬರ್ಲಿ ಬರ್ಲಿ’ ಅನ್ನುತ್ತಿದ್ದರು, ನಾಲ್ಕನೆಯವರು ‘ಹೋಲ್ಡಾನ್’ ಅಂದದ್ದು ಆ ಗಲಾಟೆಯಲ್ಲಿ ಕೇಳಲಿಲ್ಲ. ರಿವರ್ಸ್ ಹಾರ್ನ್ ದಿನವಿಡೀ ಹೊಡೆದುಕೊಳ್ಳುತ್ತಲೇ ಇರುತ್ತದೆ, ಕಿವಿಗೆ ಅದು ಅಭ್ಯಾಸ ಆಗಿಬಿಟ್ಟಿದೆ. ಗಂಟೆಗೆ 5 ಕಿಲೋಮೀಟರ್ ಅಂದರೆ ನಡೆಯುವ ವೇಗ, ಅಷ್ಟಕ್ಕೇ ಲಾರಿ ಒಂದು ಸೆಕೆಂಡಿಗೆ 1.4 ಮೀಟರ್ ಹಿಂದೆ ಬಂದಿರುತ್ತದೆ. ಎಲ್ಲಿಗೆ ಸರಿಯುವುದು?

ಇನ್ನು ಪರಿಹಾರದ ವಿಷಯ. ‘ಅವರು ಗುತ್ತಿಗೆದಾರನ ಕಡೆಯವರು, ನಮಗೆ ಸಂಬಂಧ ಇಲ್ಲ’ ಅಂದರು ಗೋದಾಮಿನ ಮಾಲೀಕರು. ಕೆಲಸದಲ್ಲಿ ಏಟಾದರೆ ಕೆಲಸ ಕೊಟ್ಟವರೇ ಪರಿಹಾರ ಕೊಡಬೇಕು ಅಂತ 1923ರಲ್ಲೇ ಕಾನೂನು ಬಂದಿದೆ, ಮಧ್ಯೆ ಗುತ್ತಿಗೆದಾರ ಇದ್ದ ಮಾತ್ರಕ್ಕೆ ಮಾಲೀಕರ ಹೊಣೆ ತಪ್ಪುವುದಿಲ್ಲ. ಇದನ್ನು ತಿಳಿದುಕೊಂಡು ವಕೀಲರ ಹತ್ತಿರ ಹೋಗುವಷ್ಟರಲ್ಲಿ ಆ ಮನೆಯವರು ಸಾಲ ಮಾಡಿಯಾಗಿತ್ತು.

ಈಗ ನಮ್ಮಲ್ಲಿ ಲಾರಿ ಹಿಂದೆ ತರುವಾಗ ಸನ್ನೆ ಮಾಡುವುದು ಒಬ್ಬರೇ. ಡ್ರೈವರ್ ಪಕ್ಕದ ಕನ್ನಡಿಯಲ್ಲಿ ಮುಖ ಕಾಣುವ ಹಾಗೆ ನಿಲ್ಲಬೇಕು, ಮುಖ ಮರೆಯಾದರೆ ಲಾರಿ ನಿಲ್ಲಬೇಕು. ಅಂಗಳ ಇಳಿಜಾರು, ಅದಕ್ಕೇ ಗಾಲಿಗೆ ಮರದ ತುಂಡು ಕೊಡದೆ ಯಾರೂ ಚೀಲಕ್ಕೆ ಕೈ ಹಾಕುವುದಿಲ್ಲ. ಲೈಟ್ ಕೇಳಿದ್ದೆ, ಎರಡು ಹಾಕಿಸಿದ್ದಾರೆ. ಹಿಂದಿನ ಮೂಲೆ ಇನ್ನೂ ಕತ್ತಲೆ. ಸಂಜೆ 6ರ ಮೇಲೆ ಅಲ್ಲಿಗೆ ಲಾರಿ ಬಿಡುವುದಿಲ್ಲ ಅಂತ ಗೇಟಲ್ಲೇ ಹೇಳಿಬಿಡುತ್ತೇನೆ. ಡ್ರೈವರ್‌ಗಳು ಬೈಯುತ್ತಾರೆ. ಬೈಯಲಿ.