ಮೂಗಿನ ಮೇಲಿನ ಗಂಟು: ಮೂರನೆಯ ತಿಂಗಳ ತಪಾಸಣೆ

ದಾವಣಗೆರೆ, 9 ಫೆಬ್ರವರಿ 2025

ಮೂಗಿನ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ ನೋವಿನ ಬಗ್ಗೆ ಹೇಳುವವರಿದ್ದಾರೆ, ಕಣ್ಣಿನ ಸುತ್ತ ಕಪ್ಪಾಗುವುದರ ಬಗ್ಗೆಯೂ ಹೇಳುವವರಿದ್ದಾರೆ. ಆದರೆ ಸ್ಪ್ಲಿಂಟ್ (ಮೂಗು ಅಲುಗದಂತೆ ಮೇಲೆ ಕೂರಿಸುವ ಗಟ್ಟಿ ಪಟ್ಟಿ) ತೆಗೆದು, ಕಪ್ಪು ಕಲೆಗಳು ಮಾಯವಾಗಿ, ನೋಡಿದವರೆಲ್ಲ 'ಗುಣವಾಯಿತಲ್ಲ' ಎನ್ನತೊಡಗಿದ ಮೇಲೆ ಬೆರಳಿಗೆ ಸಿಗುವ ಗಂಟುಗಳು ಮತ್ತು ಏರುತಗ್ಗುಗಳ ವಿಚಾರವನ್ನು ಮೊದಲೇ ತಿಳಿಸುವವರು ಕಡಿಮೆ. ನನಗೆ ಕೊಟ್ಟಿದ್ದ ಸೂಚನೆಗಳ ಹಾಳೆಯಲ್ಲಿ 'ಊತ ಇರುತ್ತದೆ, ಕ್ರಮೇಣ ಇಳಿಯುತ್ತದೆ' ಎಂಬುದಷ್ಟೇ ಇತ್ತು. ಆ ಮಾತು ಸುಳ್ಳಲ್ಲ, ಆದರೆ ಸಾಲದು.

ಚಿಕ್ಕಂದಿನಲ್ಲಿ ಬಿದ್ದು ಮುರಿದ ನನ್ನ ಮೂಗಿಗೆ ಕಳೆದ ನವೆಂಬರಿನಲ್ಲಿ ಆಪರೇಷನ್ ಆಯಿತು. ಒಳಗಿನ ನಡುಗೋಡೆಯನ್ನು ನೇರ ಮಾಡಿದರು, ಮೇಲಿದ್ದ ಡುಬ್ಬವನ್ನು ಅರದಿಂದ ಉಜ್ಜಿ ತಗ್ಗಿಸಿದರು, ಎರಡೂ ಬದಿಯ ಎಲುಬುಗಳನ್ನು ಕತ್ತರಿಸಿ ಒಳಕ್ಕೆ ಕೂಡಿಸಿದರು. ಎಡ ಹೊಳ್ಳೆಯಿಂದ ಸಲೀಸಾಗಿ ಉಸಿರಾಡುವುದೇನೆಂದು ಈಗ ತಿಳಿಯುತ್ತಿದೆ. ಅದಕ್ಕೆ ನಾನು ಕೃತಜ್ಞಳು. ಆದರೆ ಜನವರಿಯಲ್ಲಿ ಮುಖ ತೊಳೆಯುವಾಗ, ಕನ್ನಡಕದ ಎಡ ಪ್ಯಾಡ್ ಕೂರುವ ಜಾಗದ ತುಸು ಕೆಳಗೆ, ಕಣ್ಣಿಗೆ ಕಾಣದ ಗಟ್ಟಿಯಾದ ಒಂದು ಗಂಟು ಬೆರಳಿಗೆ ಸಿಕ್ಕಿತು. ಮೂಗಿನ ತುದಿಗಿಂತ ಸ್ವಲ್ಪ ಮೇಲೆ ಇನ್ನೊಂದು ಉಬ್ಬು ಇತ್ತು. ಅದು ಮೆತ್ತಗಿತ್ತು, ಬೆಳಿಗ್ಗೆ ದಪ್ಪವಾಗಿದ್ದು ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು.

ನಿನ್ನೆ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂರಿಸಿ, ಎರಡು ಬೆರಳುಗಳಿಂದ ಮೂಗಿನ ಬುಡದಿಂದ ತುದಿಯವರೆಗೆ ನಿಧಾನವಾಗಿ ಇಳಿಸುತ್ತ ಬಂದರು. ಗಂಟು ಸಿಕ್ಕಲ್ಲಿ ನಿಲ್ಲಿಸಿ, ಒತ್ತಿದರೆ ನೋವಾಗುತ್ತದೆಯೇ, ಚರ್ಮ ಅದರ ಮೇಲೆ ಸರಾಗವಾಗಿ ಜಾರುತ್ತದೆಯೇ ಎಂದು ಪರೀಕ್ಷಿಸಿದರು. ಮೂಗಿನ ಮೇಲಿನ ಮೂರನೆಯ ಒಂದು ಭಾಗ ಮಾತ್ರ ಎಲುಬು, ಉಳಿದದ್ದೆಲ್ಲ ಮೃದ್ವಸ್ಥಿ, ಅಂದರೆ ಕಿವಿಯಲ್ಲಿರುವಂಥ ಬಾಗುವ ಮೆತ್ತನೆಯ ಎಲುಬು. ಆದ್ದರಿಂದ ಗಂಟು ಎಲ್ಲಿದೆ ಎಂಬುದೇ ಅದು ಏನು ಎಂಬುದನ್ನು ಬಹುಮಟ್ಟಿಗೆ ಹೇಳುತ್ತದೆ ಎಂದರು. ಈ ಒಂದು ಮಾತನ್ನು ಆಪರೇಷನ್ನಿಗೆ ಮೊದಲೇ ಯಾರಾದರೂ ನನಗೆ ಹೇಳಬೇಕಿತ್ತು ಎಂದು ನನಗೆ ಬಲವಾಗಿ ಅನಿಸಿತು.

ಎಲುಬಿನ ಭಾಗದಲ್ಲಿ ಸಿಗುವ ಗಟ್ಟಿ ಗಂಟು, ಕತ್ತರಿಸಿದ ಎಲುಬು ಕೂಡಿಕೊಳ್ಳುವಾಗ ಆ ಅಂಚಿನಲ್ಲಿ ಬೆಳೆಯುವ ಹೊಸ ಎಲುಬಾಗಿರಬಹುದು, ಇಲ್ಲವೇ ಅರದಿಂದ ಉಜ್ಜಿದಾಗ ಉಳಿದ ಸಣ್ಣ ಚೂರಾಗಿರಬಹುದು. ಕೈಕಾಲು ಮುರಿದು ಕೂಡಿದಾಗಲೂ ಕೂಡಿದ ಜಾಗ ಮೊದಲು ದಪ್ಪಗಾಗಿ, ಆಮೇಲೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸಮವಾಗುತ್ತದೆ. ಇಲ್ಲಿಯೂ ನಡೆಯುವುದು ಅದೇ. ಪೂರ್ತಿ ಸಮವಾಗದೆ ಉಳಿಯುವುದೂ ಉಂಟು, ಆದರೆ ಬೆರಳಿಗೆ ಮಾತ್ರ ತಿಳಿಯುವ, ಕಣ್ಣಿಗೆ ಕಾಣದ ಗಂಟಿಗೆ ಏನೂ ಮಾಡಬೇಕಾಗಿಲ್ಲ. ಮೃದ್ವಸ್ಥಿಯ ಭಾಗದಲ್ಲಾದರೆ ಆಸರೆಗೆಂದು ಇಟ್ಟ ಮೃದ್ವಸ್ಥಿಯ ತುಂಡಿನ ಅಂಚು, ಅಥವಾ ಒಳಹೊಲಿಗೆಯ ಗಂಟು ಕೈಗೆ ತಾಗಬಹುದು. ನನ್ನ ಚರ್ಮ ತೆಳು. "ತೆಳು ಪಂಚೆಯ ಕೆಳಗೆ ಒಂದು ಕಡ್ಲೆಕಾಳಿದ್ರೂ ಕಾಣುತ್ತಮ್ಮ, ಕಂಬಳಿ ಕೆಳಗೆ ಹಿಡಿಕಾಳಿದ್ರೂ ಕಾಣಲ್ಲ" ಎಂದು ಡಾಕ್ಟರು ವಿವರಿಸಿದರು. ದಪ್ಪ ಚರ್ಮದವರಿಗೆ ಕಷ್ಟ ಬೇರೆ ರೀತಿಯದು: ಅಂಚುಗಳು ಮುಚ್ಚಿಹೋಗುತ್ತವೆ, ಆದರೆ ಊತ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ.

ತುದಿಯ ಮೇಲಿನ ಮೆತ್ತನೆಯ ಉಬ್ಬು ನಿಜವಾದ ಊತ. ಮಲಗಿದಾಗ ದ್ರವ ಮುಖದಲ್ಲಿ ನಿಲ್ಲುವುದರಿಂದ ಬೆಳಿಗ್ಗೆ ಹೆಚ್ಚಿರುತ್ತದೆ, ಎದ್ದು ಓಡಾಡಿದಂತೆ ಕಡಿಮೆಯಾಗುತ್ತದೆ. ಮೂಗಿನಲ್ಲಿ ಎಲ್ಲಕ್ಕಿಂತ ಕೊನೆಗೆ ಇಳಿಯುವುದು ತುದಿಯ ಊತವೇ. ಒಂದು ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಗಾಯದ ಅಂಗಾಂಶ ಬೆಳೆದು ಗಟ್ಟಿಯಾದರೆ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು, ಆದರೆ ಪ್ರಮಾಣ ಹೆಚ್ಚಾದರೆ ಚರ್ಮ ಮತ್ತಷ್ಟು ತೆಳುವಾಗಿ ಗುಳಿ ಬೀಳಬಹುದಾದ್ದರಿಂದ ನನ್ನಂಥವರಿಗೆ ಅದನ್ನು ಯೋಚಿಸಿಯೇ ಕೊಡಬೇಕೆಂದರು. ಸದ್ಯಕ್ಕೆ ರಾತ್ರಿ ಹೊತ್ತು ಪೇಪರ್ ಟೇಪ್ ಅಂಟಿಸಿಕೊಳ್ಳಲು, ಎರಡು ದಿಂಬು ಇಟ್ಟುಕೊಂಡು ಮಲಗಲು ಹೇಳಿದ್ದಾರೆ.

ಕಳೆದ ವಾರ ಮದುವೆಯೊಂದರಲ್ಲಿ ಅತ್ತಿಗೆ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿ, "ಇಷ್ಟು ಖರ್ಚು ಮಾಡಿದ್ರೂ ಇನ್ನೂ ಡೊಂಕೈತಲ್ಲೇ" ಎಂದಿದ್ದರು. ಆ ಮಾತು ಮನಸ್ಸಿನಲ್ಲಿ ಉಳಿದಿದ್ದರಿಂದ ಅದನ್ನೂ ಡಾಕ್ಟರಲ್ಲಿ ಕೇಳಿದೆ. ಎರಡು ಬದಿಯ ಊತ ಒಂದೇ ಸಮನಾಗಿ ಇಳಿಯುವುದಿಲ್ಲ, ಒಂದು ಬದಿ ಮುಂದೆ, ಇನ್ನೊಂದು ಹಿಂದೆ. ನಡುವಿನ ತಿಂಗಳುಗಳಲ್ಲಿ ನೇರವಾದ ಮೂಗೂ ಡೊಂಕಾಗಿ ಕಾಣಬಹುದು. ಮೊಬೈಲನ್ನು ಮುಖಕ್ಕೆ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಮೂಗು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದನ್ನೂ ಅವರು ನೆನಪಿಸಿದರು. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ಬೇರೆಯವರ ಕೈಯಲ್ಲಿ ದೂರದಿಂದ ಫೋಟೋ ತೆಗೆಸಿಕೊಂಡರೆ ಮಾತ್ರ ಹೋಲಿಸಿ ನೋಡಲು ಬರುತ್ತದೆ. ದಿನಕ್ಕೆ ಹತ್ತು ಸಲ ಕನ್ನಡಿ ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ಮನೆಯಲ್ಲಿ ಅಮ್ಮನದು ಬೇರೆಯೇ ಸಲಹೆ: "ಹರಳೆಣ್ಣೆ ಹಚ್ಚಿ ಬಿಸಿ ಬಟ್ಟೆ ಶಾಖ ಕೊಟ್ರೆ ನಾಕು ದಿನಕ್ಕೆ ಕರಗತೈತಿ." ಅಮ್ಮನ ಕಾಳಜಿ ದೊಡ್ಡದು, ಆದರೆ ಈ ಮದ್ದು ಅಪಾಯದ್ದು. ನನ್ನ ಮೂಗಿನ ತುದಿಗೆ ಇನ್ನೂ ಪೂರ್ತಿ ಸ್ಪರ್ಶಜ್ಞಾನ ಬಂದಿಲ್ಲ. ಬಟ್ಟೆ ಸುಡುವಷ್ಟು ಬಿಸಿಯಿದ್ದರೂ ತಿಳಿಯದೆ ಬೊಬ್ಬೆ ಏಳಬಹುದು. ತಿಕ್ಕುವುದೂ ಹಾಗೆಯೇ. ಕೆಲವರಿಗೆ ಡಾಕ್ಟರೇ ಇಂತಿಂಥ ಕಡೆ ಇಷ್ಟೇ ಒತ್ತಬೇಕೆಂದು ತೋರಿಸಿಕೊಡುತ್ತಾರಂತೆ, ಆದರೆ ತೋರಿಸದೆ ನಾವೇ ಒತ್ತಿ ತಿಕ್ಕಿದರೆ ಊತ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಅಮ್ಮನಿಗೆ ಡಾಕ್ಟರ ಮಾತನ್ನೇ ಫೋನಿನಲ್ಲಿ ಕೇಳಿಸಿದ ಮೇಲೆ ಸಮಾಧಾನವಾಯಿತು.

ಊರಿನ ಬಿಸಿಲು ಈಗಲೇ ಏರತೊಡಗಿದೆ. ಬಿಸಿಲಿಗೆ ಊತ ಹೆಚ್ಚುವುದರಿಂದ ಕುಂದವಾಡ ಕೆರೆಯ ನಡಿಗೆಯನ್ನು ಮುಂಜಾನೆಗೇ ಮುಗಿಸುತ್ತಿದ್ದೇನೆ. ಸ್ಕೂಟರಿನಲ್ಲಿ ಹೋಗುವಾಗ ಧೂಳಿಗಿಂತ ಹೆಚ್ಚಿನ ಭಯ ಹೆಲ್ಮೆಟ್ಟಿನದು: ಇಡೀ ಮುಖ ಮುಚ್ಚುವ ಹೆಲ್ಮೆಟ್ಟನ್ನು ತಲೆಯಿಂದ ಎಳೆಯುವಾಗ ಗಲ್ಲದ ಮುಂದೆ ಬರುವ ಅದರ ಗಟ್ಟಿ ಭಾಗ ಸರಿಯಾಗಿ ಮೂಗಿನ ತುದಿಗೇ ಬಡಿಯುತ್ತದೆ. ಆದ್ದರಿಂದ ಈಗ ಎರಡೂ ಕೈಗಳಿಂದ ಬದಿಗಳನ್ನು ಅಗಲಿಸಿ, ಮುಂಭಾಗವನ್ನು ಮೊದಲು ಮೇಲೆತ್ತಿ ತೆಗೆಯುತ್ತೇನೆ. ಕನ್ನಡಕಕ್ಕೆ ಅನುಮತಿ ಸಿಕ್ಕಿದೆ, ಆದರೆ ಹಗುರವಾದ ಫ್ರೇಮೇ ಆಗಬೇಕು. ಮೊದಲ ವಾರಗಳಲ್ಲಿ ಅದನ್ನು ಹಣೆಗೆ ಟೇಪ್ ಹಾಕಿ ತೂಗಿಸಿಕೊಂಡೇ ಓದಬೇಕಾಗಿತ್ತು, ಏಕೆಂದರೆ ಕೂಡುತ್ತಿರುವ ಎಲುಬಿನ ಮೇಲೆ ಪ್ಯಾಡಿನ ಭಾರ ಬಿದ್ದರೆ ಅಲ್ಲಿಯೇ ತಗ್ಗಾಗಬಹುದು.

ಮುಂದಿನ ತಪಾಸಣೆ ಮೇ ತಿಂಗಳಲ್ಲಿ. ಎಲುಬಿನ ಗಂಟು ಹೊರಗೆ ಕಾಣುವಂತಾದರೆ ಸಣ್ಣದಾಗಿ ಉಜ್ಜಿ ಸರಿಪಡಿಸಬಹುದು, ಆದರೆ ವರ್ಷ ತುಂಬುವವರೆಗೆ ಆ ಮಾತೇ ಬೇಡ ಎಂದು ಡಾಕ್ಟರು ಖಚಿತವಾಗಿ ಹೇಳಿದ್ದಾರೆ. ಇನ್ನೂ ಬದಲಾಗುತ್ತಿರುವ ಮೂಗನ್ನು ಮತ್ತೆ ತೆರೆದರೆ ಯಾವುದು ಊತ, ಯಾವುದು ಉಳಿಯುವ ದೋಷ ಎಂದು ಅವರಿಗೂ ತಿಳಿಯದು. ಚಿತ್ರದುರ್ಗದಲ್ಲಿರುವ ಚಿಕ್ಕಮ್ಮನ ಮಗಳಿಗೂ ಇದೇ ಆಪರೇಷನ್ ನಿಗದಿಯಾಗಿದೆ. ನಿನ್ನ ಚರ್ಮ ತೆಳುವೋ ದಪ್ಪವೋ, ಎಲುಬು ಕತ್ತರಿಸುತ್ತಾರೋ ಇಲ್ಲವೋ, ಮೃದ್ವಸ್ಥಿಯ ತುಂಡು ಎಲ್ಲಿ ಇಡುತ್ತಾರೆ ಎಂಬುದನ್ನು ಮೊದಲೇ ಕೇಳಿ ಬರೆದಿಟ್ಟುಕೋ ಎಂದು ಅವಳಿಗೆ ಹೇಳಿದ್ದೇನೆ. ಗಂಟು ಕೆಂಪಾಗಿ ಬಿಸಿಯಾದರೆ, ನೋವು ದಿನದಿಂದ ದಿನಕ್ಕೆ ಏರಿದರೆ, ಕೀವು ಅಥವಾ ಜ್ವರ ಕಾಣಿಸಿಕೊಂಡರೆ ಮಾತ್ರ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕೆಂದೂ ತಿಳಿಸಿದ್ದೇನೆ.