ಡಿಸ್ಕ್ ತುಂಬಿದಾಗ ನಾನು ಮೊದಲು ಇಂಡೆಕ್ಸ್ ಕಡೆ ನೋಡುತ್ತೇನೆ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನ ಡಿಸ್ಕ್ ತುಂಬುತ್ತಿದೆ ಅಂದ ಕೂಡಲೇ ಯಾರಾದರೊಬ್ಬರು "ವ್ಯಾಕ್ಯೂಮ್ ಫುಲ್ ಹೊಡೆದುಬಿಡಿ" (ಇಡೀ ಟೇಬಲನ್ನು ಹೊಸದಾಗಿ ಬರೆದು ಜಾಗ ಬಿಡಿಸುವ ಆಜ್ಞೆ) ಅನ್ನುತ್ತಾರೆ. ನಮ್ಮ ಟೀಮಿನಲ್ಲೂ ಅಂದರು. ಜಾಗವೇನೋ ವಾಪಸ್ ಬರುತ್ತದೆ. ಆದರೆ ಅದು ಮುಗಿಯುವ ತನಕ ಆ ಟೇಬಲ್ ಮೇಲೆ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಕೂತಿರುತ್ತದೆ, ಒಂದು ಸೆಲೆಕ್ಟ್ (ಓದುವ ಕ್ವೆರಿ) ಕೂಡ ನಡೆಯುವುದಿಲ್ಲ. ನಮ್ಮದು ಪಾರ್ಸೆಲ್ ಟ್ರ್ಯಾಕಿಂಗ್. ಬೆಳಗಿನ ಜಾವ ಮೂರಕ್ಕೂ ಯಾವುದೋ ಗೋದಾಮಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಆಗುತ್ತಲೇ ಇರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಅಂದರೆ ಹಳೆಯ ಸಾಲನ್ನು ಅಲ್ಲೇ ಬಿಟ್ಟು ಹೊಸ ಸಾಲು ಬರೆಯುವುದು. ಹೀಗೆ ಸತ್ತ ಸಾಲುಗಳನ್ನು ತಾನಾಗಿ ಓಡುವ ಆಟೊವ್ಯಾಕ್ಯೂಮ್ ಗುಡಿಸುತ್ತದೆ, ಆದರೆ ಡೀಫಾಲ್ಟ್ ಆಗಿ ಟೇಬಲ್‌ನ ಸುಮಾರು 20% ಸತ್ತ ಮೇಲೆಯೇ. ಒಂದು ಕೋಟಿ ಸಾಲಿದ್ದರೆ 20 ಲಕ್ಷ ಸಾಯುವವರೆಗೆ ಕಾಯುತ್ತದೆ. ದೊಡ್ಡ ಟೇಬಲ್‌ಗಳಿಗೆ ನಾನು ಅದನ್ನು ಪ್ರತ್ಯೇಕವಾಗಿ 2%ಕ್ಕೆ ಇಳಿಸುತ್ತೇನೆ. ಹೀಗೆ ಖಾಲಿಯಾದ ಜಾಗ ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಮರಳುವುದಿಲ್ಲ, ಅದೇ ಟೇಬಲ್‌ನ ಮುಂದಿನ ಸಾಲುಗಳಿಗೆ ಸಿಗುತ್ತದೆ. ನಾಳೆ ಹೇಗೂ ಬಳಕೆಯಾಗುವ ಜಾಗವನ್ನು ವ್ಯರ್ಥ ಅನ್ನಲು ನನಗೆ ಮನಸ್ಸಿಲ್ಲ.

ಇನ್ನೊಂದು ಪರೀಕ್ಷೆ ಮೊದಲೇ ಮಾಡಬೇಕು. ಯಾವುದೋ ರಿಪೋರ್ಟ್ ಟೂಲ್ ಟ್ರಾನ್ಸಾಕ್ಷನ್ ತೆರೆದು ಹಾಗೇ ಮಲಗಿದ್ದರೆ, ಅಥವಾ ಯಾರಿಗೂ ಬೇಡದ ರೆಪ್ಲಿಕೇಶನ್ ಸ್ಲಾಟ್ (ನಕಲು ಸರ್ವರ್, ಅಂದರೆ ರೆಪ್ಲಿಕಾ, ಎಲ್ಲಿಯವರೆಗೆ ಓದಿದೆ ಎಂಬ ಗುರುತು) ಉಳಿದುಕೊಂಡಿದ್ದರೆ, ವ್ಯಾಕ್ಯೂಮ್ ಓಡುತ್ತದೆ, ಆದರೆ ಅದಾದ ಮೇಲೆ ಸತ್ತ ಸಾಲುಗಳನ್ನು ತೆಗೆಯಲಾರದು. ಅದನ್ನು ಬಿಡಿಸದೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ.

ಇನ್ನು ಇಂಡೆಕ್ಸ್, ಅಂದರೆ ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ. ಅದರ ಸಾಮಾನ್ಯ ರೂಪವಾದ ಬಿ-ಟ್ರೀಯಲ್ಲಿ ಪುಟ ಪೂರ್ತಿ ಖಾಲಿಯಾದರೆ ಮಾತ್ರ ಮರುಬಳಕೆಗೆ ಸಿಗುತ್ತದೆ. ಅರ್ಧ ಖಾಲಿಯಿರುವ ಎರಡು ಪುಟಗಳನ್ನು ಪೋಸ್ಟ್‌ಗ್ರೆಸ್ ತಾನಾಗಿ ಒಂದುಗೂಡಿಸುವುದಿಲ್ಲ. ಹೊಸದಾಗಿ ಕಟ್ಟಿದ ಇಂಡೆಕ್ಸ್‌ನ ಎಲೆಪುಟಗಳು (ನಮೂದುಗಳಿರುವ ತಳದ ಪುಟಗಳು) ಸುಮಾರು 90% ತುಂಬಿರುತ್ತವೆ. ಇಂಡೆಕ್ಸ್ ಎಷ್ಟು ತುಂಬಿದೆ ಎಂದು ತೋರಿಸುವ ಪಿಜಿಸ್ಟಾಟ್‌ಇಂಡೆಕ್ಸ್ ಓಡಿಸಿ ನೋಡಿದರೆ ನಮ್ಮ ಕೆಲವು ಅರ್ಧವೂ ತುಂಬಿರಲಿಲ್ಲ. ಪಾರ್ಸೆಲ್ ವಾಪಸಾದ ಕಾರಣವನ್ನು ಇಡುವ ಕಾಲಂಗೂ ಪೂರ್ತಿ ಇಂಡೆಕ್ಸ್ ಇತ್ತು. ಬಹುತೇಕ ಪಾರ್ಸೆಲ್‌ಗಳು ವಾಪಸಾಗುವುದೇ ಇಲ್ಲ, ಆದರೂ ಆ ನಲ್‌ಗಳೆಲ್ಲ (ಮೌಲ್ಯವಿಲ್ಲದ ನಮೂದುಗಳು) ಇಂಡೆಕ್ಸ್‌ನಲ್ಲಿ ಕೂತಿದ್ದವು. ನಲ್ ಅಲ್ಲದವಕ್ಕೆ ಮಾತ್ರ ಪಾರ್ಶಿಯಲ್ ಇಂಡೆಕ್ಸ್ ಕಟ್ಟಿ ಹಳೆಯದನ್ನು ತೆಗೆದೆವು, ಎರಡನ್ನೂ ಓದು-ಬರಹ ನಿಲ್ಲಿಸದ ಕನ್‌ಕರೆಂಟ್ಲಿ ಆಯ್ಕೆ ಹಾಕಿಯೇ.

ಉಳಿದವಕ್ಕೆ ರೀಇಂಡೆಕ್ಸ್ ಕನ್‌ಕರೆಂಟ್ಲಿ, ಅಂದರೆ ಇಂಡೆಕ್ಸನ್ನು ಮರುಕಟ್ಟುವುದು. 2019ರ ಆವೃತ್ತಿ 12ರಿಂದ ಇದು ಇದೆ, ಓದು-ಬರಹ ನಿಲ್ಲುವುದಿಲ್ಲ. ಹೊಸದು ಸಿದ್ಧವಾಗುವವರೆಗೆ ಹಳೆಯದೂ ಇರುವುದರಿಂದ ಡಿಸ್ಕ್ ತುಂಬಿದ್ದಾಗ ಚಿಕ್ಕ ಇಂಡೆಕ್ಸ್‌ನಿಂದ ಶುರುಮಾಡಬೇಕು. ನಡುವೆ ಕೆಟ್ಟರೆ "ಸಿಸಿನ್ಯೂ" ಬಾಲದ ಅಮಾನ್ಯ ಇಂಡೆಕ್ಸ್ ಉಳಿಯುತ್ತದೆ, ಅದನ್ನು ಕೈಯಾರೆ ತೆಗೆಯಬೇಕು. ನಮ್ಮ ಡೇಟಾಬೇಸ್ ಆವೃತ್ತಿ 11ರಿಂದ ಪಿಜಿ ಅಪ್‌ಗ್ರೇಡ್ (ಹಳೆಯ ಫೈಲ್‌ಗಳನ್ನು ಹಾಗೇ ಉಳಿಸಿ ಆವೃತ್ತಿ ಏರಿಸುವ ಟೂಲ್) ಮೂಲಕ ಬಂದದ್ದು. ಒಂದೇ ಮೌಲ್ಯದ ನಮೂದುಗಳನ್ನು ಒತ್ತಿ ಇಡುವ ಆವೃತ್ತಿ 13ರ ಸೌಲಭ್ಯ ಅಂಥ ಹಳೆಯ ಇಂಡೆಕ್ಸ್‌ಗಳಿಗೆ ಮರುಕಟ್ಟುವವರೆಗೂ ಸಿಗುವುದಿಲ್ಲ. ಸ್ಟೇಟಸ್ ಕಾಲಂನ ಇಂಡೆಕ್ಸ್ ಹೇಗೆ ಕುಗ್ಗಿತು ಅಂದರೆ, ಪಕ್ಕದವರು ಕ್ವೆರಿ ತಪ್ಪಿರಬೇಕು ಅಂತ ಮತ್ತೆ ಓಡಿಸಿದರು.

ಒಂದೇ ಒಂದು ಸ್ಕ್ಯಾನ್ ಕಾಣದ ಇಂಡೆಕ್ಸ್‌ಗಳೂ ಸಿಕ್ಕವು. ರೆಪ್ಲಿಕಾದ ಲೆಕ್ಕ ಬೇರೆ ಇರುತ್ತದೆ, ಅಲ್ಲೂ ನೋಡಿಯೇ ಕೈಹಾಕಿ. ಯುನೀಕ್ ಇಂಡೆಕ್ಸ್‌ಗಳನ್ನಂತೂ ಮುಟ್ಟಬೇಡಿ. ಹೀಗೆ ಸಿಕ್ಕಿದ್ದರಲ್ಲಿ ಒಂದು ಕೊನೆಯ ಅಪ್‌ಡೇಟ್ ಸಮಯದ ಮೇಲಿತ್ತು, ಎಂದೋ ಮುಚ್ಚಿಹೋದ ಡ್ಯಾಶ್‌ಬೋರ್ಡ್‌ಗಾಗಿ. ನಿಜವಾದ ಖಳ ಇದೇ. ಇಂಡೆಕ್ಸ್ ಇರುವ ಕಾಲಂ ಬದಲಾದರೆ ಹಾಟ್ ಅಪ್‌ಡೇಟ್ (ಇಂಡೆಕ್ಸ್ ಮುಟ್ಟದೆ ಅದೇ ಪುಟದಲ್ಲಿ ಹೊಸ ಸಾಲು ಬರೆಯುವುದು) ಆಗುವುದಿಲ್ಲ, ಟೇಬಲ್‌ನ ಎಲ್ಲ ಇಂಡೆಕ್ಸ್‌ಗಳಿಗೂ ಹೊಸ ನಮೂದು ಬೀಳುತ್ತದೆ. ಈ ಕಾಲಂ ಪ್ರತಿ ಅಪ್‌ಡೇಟ್‌ಗೂ ಬದಲಾಗುತ್ತದೆ! ಅದನ್ನು ತೆಗೆದ ಮೇಲೆ, ಸ್ಟೇಟಸ್ ಬದಲಾಗದ ಅಪ್‌ಡೇಟ್‌ಗಳೆಲ್ಲ (ತೂಕ, ವಾಹನ ಸಂಖ್ಯೆ, ಸ್ಥಳ) ಹಾಟ್ ಆಗತೊಡಗಿದವು.

ಟೇಬಲ್ ಸರದಿ ಕೊನೆಗೆ, ಪಿಜಿ ರೀಪ್ಯಾಕ್ ಎಂಬ ಟೂಲ್‌ನಲ್ಲಿ. ಅದು ನೆರಳು ಟೇಬಲ್ ಕಟ್ಟಿ, ನಡುವೆ ಆದ ಬದಲಾವಣೆಗಳನ್ನು ಟ್ರಿಗರ್ ಮೂಲಕ ಹಿಡಿದಿಟ್ಟು, ಕೊನೆಗೆ ಅದಲುಬದಲು ಮಾಡುತ್ತದೆ. ಗಟ್ಟಿ ಲಾಕ್ ಬೇಕಾಗುವುದು ಆರಂಭದಲ್ಲೂ ಅಂತ್ಯದಲ್ಲೂ ಕ್ಷಣಕಾಲ ಮಾತ್ರ. ಪ್ರೈಮರಿ ಕೀ ಅಥವಾ ನಲ್ ಬಾರದ ಯುನೀಕ್ ಇಂಡೆಕ್ಸ್ ಇರಲೇಬೇಕು, ಟೇಬಲ್ ಮತ್ತು ಇಂಡೆಕ್ಸ್‌ಗಳು ಸೇರಿದ ಗಾತ್ರದ ಸುಮಾರು ಎರಡರಷ್ಟು ಖಾಲಿ ಜಾಗವೂ ಬೇಕು. ಆ ಜಾಗ ನಮಗೆ ಸಿಕ್ಕಿದ್ದು ಇಂಡೆಕ್ಸ್‌ಗಳನ್ನು ಮೊದಲು ಕುಗ್ಗಿಸಿದ್ದರಿಂದಲೇ. ಲಾಕ್ ಸಿಗದಿದ್ದರೆ ಅದು ಬೇರೆಯವರ ಕ್ವೆರಿಗಳನ್ನು ರದ್ದುಮಾಡಲು ಹೊರಡುತ್ತದೆ, ಹಾಗಾಗಿ ನಾನು ಯಾವಾಗಲೂ ಅದನ್ನು ತಡೆಯುವ ನೋ-ಕಿಲ್-ಬ್ಯಾಕೆಂಡ್ ಆಯ್ಕೆ ಹಾಕುತ್ತೇನೆ. ಫಿಲ್‌ಫ್ಯಾಕ್ಟರನ್ನೂ (ಪುಟವನ್ನು ಶೇಕಡಾ ಎಷ್ಟು ತುಂಬಬೇಕು ಎಂಬ ಮಿತಿ) ಮೊದಲೇ 85ಕ್ಕೆ ಇಳಿಸಿದ್ದೆವು, ಹೊಸ ಪುಟಗಳಲ್ಲಿ ಹಾಟ್ ಅಪ್‌ಡೇಟ್‌ಗೆ ಜಾಗವಿರಲಿ ಅಂತ. ಓಡುವಾಗ ರೆಪ್ಲಿಕಾ ಹಿಂದೆ ಬೀಳುತ್ತದೆ, ಅದರ ಮೇಲೊಂದು ಕಣ್ಣಿರಲಿ.