ಒಂದು ಅಂಕದ ಪ್ರಶ್ನೆಯಾಗಿ ಉಳಿದ ಎಂ.ಎನ್. ರಾಯ್

ಭಾರತಕ್ಕೆ ಸಂವಿಧಾನ ರಚನಾ ಸಭೆ ಬೇಕೆಂದು 1934ರಲ್ಲಿ ಮೊದಲು ಹೇಳಿದವರು ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರೆಲ್ಲರೂ ಎಂ.ಎನ್. ರಾಯ್ ಎಂದು ಥಟ್ಟನೆ ಉತ್ತರಿಸುತ್ತಾರೆ. ನಾನೂ ಹಾಗೆಯೇ ಬಾಯಿಪಾಠ ಮಾಡಿದ್ದೆ. ಆ ವರ್ಷ ಅವರು ಬ್ರಿಟಿಷರ ಸೆರೆಮನೆಯಲ್ಲಿದ್ದರೆಂಬುದು ತಿಳಿದದ್ದು ಬಹಳ ತಡವಾಗಿ.

1887ರಲ್ಲಿ ಬಂಗಾಳದಲ್ಲಿ ಹುಟ್ಟಿದ ನರೇಂದ್ರನಾಥ ಭಟ್ಟಾಚಾರ್ಯರು ಬ್ರಿಟಿಷರ ವಿರುದ್ಧ ಸಶಸ್ತ್ರ ಹೋರಾಟ ನಡೆಸಿದ ಬಾಘಾ ಜತಿನ್ ಬಳಗದ ಕ್ರಾಂತಿಕಾರಿ. ಜರ್ಮನಿಯ ಶಸ್ತ್ರಾಸ್ತ್ರ ತರಲೆಂದು 1915ರಲ್ಲಿ ದೇಶ ಬಿಟ್ಟು, ಅದು ಕೈಗೂಡದೆ ಅಲೆದಲೆದು ಅಮೆರಿಕ ಸೇರಿ, ಅಲ್ಲಿ ಮಾನವೇಂದ್ರನಾಥ ರಾಯ್ ಎಂದು ಹೆಸರು ಬದಲಿಸಿಕೊಂಡು, ಮುಂದೆ ಮೆಕ್ಸಿಕೋದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದರು.

1920ರಲ್ಲಿ ಮಾಸ್ಕೋದಲ್ಲಿ ನಡೆದ, ಲೋಕದ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಅಧಿವೇಶನದಲ್ಲಿ ಅವರು ಲೆನಿನ್‌ಗೇ ಎದುರು ವಾದ ಹೂಡಿದರು. ವಸಾಹತುಗಳ ಮಧ್ಯಮವರ್ಗದ ರಾಷ್ಟ್ರೀಯ ಚಳವಳಿಗಳನ್ನು ಬೆಂಬಲಿಸಬೇಕೆಂಬುದು ಲೆನಿನ್ ನಿಲುವು. ಅಂಥ ನಾಯಕರು ಕೊನೆಗೆ ಸಾಮ್ರಾಜ್ಯದೊಡನೆ ರಾಜಿಯಾಗುತ್ತಾರೆ, ರೈತರೂ ಕಾರ್ಮಿಕರೂ ತಮ್ಮದೇ ಸಂಘಟನೆ ಕಟ್ಟಿಕೊಳ್ಳಬೇಕು ಎಂಬುದು ರಾಯ್ ಅವರ ಹಟ. ಗಾಂಧಿಯವರಲ್ಲಿ ಲೆನಿನ್ ಕ್ರಾಂತಿಕಾರಿಯನ್ನು ಕಂಡರೆ, ರಾಯ್ ಕಂಡದ್ದು ಸಮಾಜವನ್ನು ಹಿಂದಕ್ಕೆ ಎಳೆಯುವವರನ್ನು. ಗಾಂಧಿಯವರ ವಿಷಯದಲ್ಲಿ ರಾಯ್ ಎಡವಿದರೆಂದೇ ನನ್ನ ಅನಿಸಿಕೆ. ಅಧಿವೇಶನವೇನೋ ಇಬ್ಬರ ಪ್ರಬಂಧಗಳನ್ನೂ ತಿದ್ದುಪಡಿಗಳೊಂದಿಗೆ ಅಂಗೀಕರಿಸಿತು.

1927ರಲ್ಲಿ ಇಂಟರ್‌ನ್ಯಾಷನಲ್ ಪ್ರತಿನಿಧಿಯಾಗಿ ಚೀನಾದಲ್ಲಿದ್ದಾಗ, ಸ್ಟಾಲಿನ್ ಕಳಿಸಿದ ಗುಟ್ಟಿನ ತಂತಿಯನ್ನು ಅಲ್ಲಿನ ಕಮ್ಯುನಿಸ್ಟರ ಅಂದಿನ ಮಿತ್ರಪಕ್ಷ ಕುವೊಮಿಂಟಾಂಗ್‌ನ ನಾಯಕ ವಾಂಗ್ ಜಿಂಗ್‌ವೈಗೆ ತೋರಿಸಿದ್ದು ಮಾತ್ರ ಶುದ್ಧ ಅವಿವೇಕ. 1929ರಲ್ಲಿ ಇಂಟರ್‌ನ್ಯಾಷನಲ್‌ನಿಂದ ಉಚ್ಚಾಟನೆಯಾಯಿತು, ಭಾರತಕ್ಕೆ ಮರಳಿದ ಮೇಲೆ 1931ರಲ್ಲಿ ಮುಂಬಯಿಯಲ್ಲಿ ಬಂಧನವಾಗಿ, 1936ರವರೆಗೆ ಸೆರೆವಾಸ.

ಅವರನ್ನು ದೇಶದ್ರೋಹಿ ಎಂದು ಕರೆಯುವಂತೆ ಮಾಡಿದ್ದು ಎರಡನೆಯ ಮಹಾಯುದ್ಧ. ಫ್ಯಾಸಿಸಂ ಗೆದ್ದರೆ ಭಾರತಕ್ಕೆ ಸ್ವಾತಂತ್ರ್ಯವೇ ಇಲ್ಲ, ಯುದ್ಧ ಗೆದ್ದರೂ ಬ್ರಿಟನ್ ಸಾಮ್ರಾಜ್ಯವನ್ನು ಉಳಿಸಿಕೊಳ್ಳಲಾರದು ಎಂದು ತರ್ಕಿಸಿದ ರಾಯ್, ಯುದ್ಧದಲ್ಲಿ ಬ್ರಿಟನ್ ಪರ ನಿಂತು, 1942ರ ಕ್ವಿಟ್ ಇಂಡಿಯಾ ಚಳವಳಿಯನ್ನೂ ವಿರೋಧಿಸಿದರು. ತರ್ಕದ ಎರಡನೆಯ ಭಾಗ 1947ರಲ್ಲಿ ನಿಜವಾಯಿತು. ಆದರೆ ಅವರ ಕಾರ್ಮಿಕ ಒಕ್ಕೂಟ ಯುದ್ಧಪ್ರಚಾರಕ್ಕಾಗಿ ಸರ್ಕಾರದಿಂದ ತಿಂಗಳಿಗೆ 13,000 ರೂಪಾಯಿ ಪಡೆಯುತ್ತಿತ್ತು. ವಾದ ಎಷ್ಟೇ ಗಟ್ಟಿಯಾಗಿದ್ದರೂ ಆಳುವವರ ದುಡ್ಡು ಮುಟ್ಟಿದವನ ಮಾತನ್ನು ಜನ ಹೇಗೆ ನಂಬಿಯಾರು?

1944ರಲ್ಲಿ ಅವರು ಸ್ವತಂತ್ರ ಭಾರತದ ಸಂವಿಧಾನದ ಕರಡೊಂದನ್ನೂ ಸಿದ್ಧಪಡಿಸಿದರು. ಅಧಿಕಾರದ ಬುನಾದಿ ಊರೂರಿನ ಜನಸಮಿತಿಗಳಲ್ಲಿರಬೇಕೆಂಬುದು ಅದರ ತಿರುಳು. ಪರೀಕ್ಷೆಯ ಪುಸ್ತಕಗಳಲ್ಲಿ ಈ ಕರಡು ನನ್ನ ಕಣ್ಣಿಗೆ ಬಿದ್ದಿಲ್ಲ. 1946ರ ಚುನಾವಣೆಯಲ್ಲಿ ಅವರ ರ್‍ಯಾಡಿಕಲ್ ಡೆಮಾಕ್ರಟಿಕ್ ಪಕ್ಷ ನೆಲಕಚ್ಚಿತು. ಪಕ್ಷಗಳೆಂದರೆ ಅಧಿಕಾರದ ಬೇಟೆಯೇ ಆಗಿಬಿಡುತ್ತದೆಂಬ ನಿರ್ಧಾರಕ್ಕೆ ಬಂದ ರಾಯ್, 1948ರಲ್ಲಿ ತಮ್ಮ ಪಕ್ಷವನ್ನು ತಾವೇ ವಿಸರ್ಜಿಸಿ, 1954ರ ಜನವರಿ 25ರಂದು ತೀರಿಕೊಳ್ಳುವವರೆಗೆ ಡೆಹ್ರಾಡೂನಿನ ಮನೆಯಲ್ಲಿ ವ್ಯಕ್ತಿಯ ಸ್ವಾತಂತ್ರ್ಯವನ್ನೂ ವಿವೇಕವನ್ನೂ ಕೇಂದ್ರಕ್ಕಿಡುವ ನವಮಾನವತಾವಾದದ ಬಗ್ಗೆ ಬರೆಯುತ್ತಿದ್ದರು.